ಕಸ್ತೂರಿಗೆ ಹೇಳದೆ ಕೊಟ್ಟ ಪುಡಿ

ನನ್ನ ಹೆಂಡತಿ ಕಸ್ತೂರಿಯ ಬಲಗೈ ಕೆಟ್ಟದ್ದು ಅವಳ ಕಾಯಿಲೆಯಿಂದಲ್ಲ, ನನ್ನಿಂದ. ಅವಳಿಗೆ ಗೊತ್ತಾಗದಂತೆ ನಾಲ್ಕು ತಿಂಗಳು ಅವಳ ಮಜ್ಜಿಗೆಯಲ್ಲಿ ಒಂದು ಪುಡಿ ಕಲೆಸಿ ಕೊಟ್ಟೆ. ಡಾಕ್ಟರು ಕೇಳಿದಾಗ ಮುಚ್ಚಿಟ್ಟೆ. ಮೊದಲನೆಯದನ್ನು ಹೆದರಿಕೆಯಿಂದ ಮಾಡಿದೆ ಎನ್ನಬಹುದೇನೋ — ಎರಡನೆಯದಕ್ಕೆ ಏನು ಹೇಳಲಿ?

ಕಸ್ತೂರಿ ಬಾಗಲಕೋಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ವಿದ್ಯಾಗಿರಿಯ ನಮ್ಮ ಮನೆಯಿಂದ ನಡೆದೇ ಹೋಗಿ ಬರುತ್ತಿದ್ದಳು. ಐದು ವರ್ಷದ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಘಟ್ಟದ ಕಾಡಿಗೆ ಹೋಗಿ ಬಂದಳು. ಎರಡು ವಾರ ಕಳೆಯುವಷ್ಟರಲ್ಲಿ ಮೊಣಕಾಲಿನ ಹಿಂದೆ ಬಳೆಯಂಥ ಕೆಂಪು ಗುರುತು, ಜ್ವರ, ಆಮೇಲೆ ಕೀಲುಗಳಲ್ಲಿ ಬಾವು. ಚಿಕೂನ್‌ಗುನ್ಯಾ ಎಂದರು, ವಾತ ಎಂದರು. ಕೊನೆಗೆ ಒಬ್ಬ ಡಾಕ್ಟರು ರಕ್ತವನ್ನು ಹೊರಗೆ ಕಳಿಸಿ ಪರೀಕ್ಷೆ ಮಾಡಿಸಿ ಹೇಳಿದರು — ಲೈಮ್ ಕಾಯಿಲೆ, ಕಾಡಿನ ಉಣ್ಣಿ ಕಚ್ಚಿ ಬರುವಂಥದ್ದು, ನಮ್ಮ ಕಡೆ ಬಹಳ ಅಪರೂಪ.

ಕೊಟ್ಟ ಮಾತ್ರೆಗಳನ್ನು ಅವಳು ಒಂದೂ ತಪ್ಪಿಸದೆ ತೆಗೆದುಕೊಂಡಳು. ಬಾವು ಇಳಿಯಿತು. ನೋವು, ಆಯಾಸ ಉಳಿದವು. “ಕೆಲವು ತಿಂಗಳು ಹಿಂಗ ಇರ್ತೈತ್ರಿ, ನಿಧಾನಕ್ಕ ಕಡಿಮಿ ಆಕ್ಕೈತಿ” ಎಂದರು ಡಾಕ್ಟರು. ಅವಳು ನಂಬಿದಳು. ನನಗಾಗಲಿಲ್ಲ. ಮೆಟ್ಟಿಲು ಹತ್ತುತ್ತಾ ನಡುವೆಯೇ ಕೂತುಬಿಡುತ್ತಿದ್ದಳು — ಅದನ್ನು ನೋಡುತ್ತಾ ಕಾಯುವುದು...

ನನ್ನ ಕಚೇರಿಯ ಗೆಳೆಯ ಸಂಗಪ್ಪ ತನ್ನ ಮೊಣಕಾಲು ನೋವಿಗೆ ಯಾರೋ ಒಬ್ಬ ಔಷಧದವನಿಂದ ಭಸ್ಮ ತರಿಸಿ ತಿನ್ನುತ್ತಿದ್ದ. ಹುಡುಗನಂತೆ ನಡೆಯುತ್ತೇನೆ ಎನ್ನುತ್ತಿದ್ದ. ನಾನೂ ಒಂದು ಡಬ್ಬಿ ತರಿಸಿಕೊಂಡೆ. ಕಸ್ತೂರಿ ಮುಚ್ಚಳ ತೆಗೆದು ನೋಡಿ ಹಿಂದಕ್ಕೆ ಕೊಟ್ಟಳು.

“ಇದರಾಗ ಏನೈತಿ ಅಂತ ಕೊಟ್ಟಂವಗೂ ಗೊತ್ತಿಲ್ಲ, ತಂದ ನಿಮಗೂ ಗೊತ್ತಿಲ್ಲ. ನಾ ಒಲ್ಲೆ.”

ಅಲ್ಲಿಗೆ ಮುಗಿಯಬೇಕಿತ್ತು. ಮರುದಿನದಿಂದ ಮಜ್ಜಿಗೆಗೆ ಜೀರಿಗೆ ಪುಡಿ ಹಾಕುವವನಂತೆ ಅದನ್ನು ಹಾಕತೊಡಗಿದೆ. ಅವಳ ಒಳ್ಳೆಯದಕ್ಕೇ ಎಂದುಕೊಂಡೆ. ಮಜ್ಜಿಗೆ ಕುಡಿದು “ಭಾಳ ಚೊಲೋ ಆಗೇತಿ” ಎನ್ನುತ್ತಿದ್ದಳು.

ಸ್ವಲ್ಪ ದಿನಕ್ಕೆ ಅವಳಿಗೆ ಹೊಟ್ಟೆನೋವು ಶುರುವಾಯಿತು, ಮುಖ ಬಿಳಿಚಿಕೊಂಡಿತು. ಕಾಯಿಲೆ ಏರುತ್ತಿದೆ ಎಂದುಕೊಂಡು ನಾನು — ಇದನ್ನು ಬರೆಯಲೇಬೇಕು — ಪುಡಿಯನ್ನು ಇನ್ನಷ್ಟು ಹೆಚ್ಚಿಸಿದೆ. ನಾಲ್ಕನೆಯ ತಿಂಗಳು, ಪಾಠ ಮಾಡುತ್ತಿದ್ದಾಗ ಅವಳ ಕೈಯಿಂದ ಸೀಮೆಸುಣ್ಣ ಬಿತ್ತು. ಮಣಿಕಟ್ಟು ಜೋತುಬಿದ್ದಿತ್ತು. ಎತ್ತಲಾಗಲಿಲ್ಲ.

ಡಾಕ್ಟರು ಕೈ ಹಿಡಿದು ನೋಡಿ ಕೇಳಿದರು: “ಬ್ಯಾರೆ ಏನರ ಔಷಧ ತಗೊಂಡೀರೇನ್ರಿ? ಭಸ್ಮ, ನಾಟಿ ಪುಡಿ, ಅಂಥಾವು?”

“ಇಲ್ರಿ. ಇವರು ಒಮ್ಮೆ ತಂದಿದ್ರು, ನಾ ಬ್ಯಾಡ ಅಂದೆ.”

ಹಾಗೆ ಹೇಳಿ ನನ್ನ ಕಡೆ ನೋಡಿ ನಕ್ಕಳು. ಡಾಕ್ಟರೂ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಅವರು ನಮ್ಮನ್ನು ನಂಬಿದರು. ಲೈಮ್ ನರಗಳಿಗೆ ಹೋಗಿದೆ ಎಂದು ತಿಳಿದು ಒಂದು ತಿಂಗಳು ರಕ್ತನಾಳಕ್ಕೆ ಔಷಧ ಕೊಡಿಸಿದರು. ಅವಳಿಗೆ ಬೇಡವಾಗಿದ್ದ ಔಷಧ. ಭೇದಿಯಿಂದ ಸೊರಗಿ ಅವಳು ಹಾಸಿಗೆಗೆ ಅಂಟಿಕೊಂಡಳು. ಡಾಕ್ಟರು ಕೇಳಿದ ದಿನವೇ ಹೆದರಿ ನಾನು ಪುಡಿಯನ್ನು ಚೆಲ್ಲಿದ್ದೆ, ಹೊಟ್ಟೆನೋವು ನಿಂತಿತು. ಚಿಕಿತ್ಸೆ ಫಲಿಸಿತು ಎಂದರು ಎಲ್ಲರೂ. ಕೈ ಮಾತ್ರ ಪೂರ್ತಿ ಏಳಲಿಲ್ಲ.

ಕೆಲವೇ ತಿಂಗಳಲ್ಲಿ ಸಂಗಪ್ಪನ ಮಣಿಕಟ್ಟೂ ಜೋತುಬಿತ್ತು. ಅವನ ರಕ್ತದಲ್ಲಿ ನರ ಕೆಡಿಸುವ ಸೀಸ ಸಿಕ್ಕಿತು, ಪುಡಿಯಲ್ಲೂ ಸಿಕ್ಕಿತು. ಆಸ್ಪತ್ರೆಯಿಂದಲೇ ಫೋನ್ ಮಾಡಿದ: “ವೈನಿಗೆ ಆ ಪುಡಿ ತಿನ್ನಿಸಿಲ್ಲ ಹೌದಲ್ಲೋ?”

“ಇಲ್ಲೋ” ಎಂದೆ.

ಆ ದಿನ ಸತ್ಯ ನನ್ನ ಕೈಗೆ ಬಂದಿತ್ತು. ಆಗಲೇ ಡಾಕ್ಟರ ಬಳಿ ಓಡಿದ್ದರೆ ಕೈ ಉಳಿಯುತ್ತಿತ್ತೋ ಏನೋ. ಓಡಲಿಲ್ಲ. ಅವಳು ಕೆಲಸ ಬಿಟ್ಟಳು. “ಕಾಡಿಗೆ ಹೋಗುಮುಂದ ಉದ್ದನ ಕಾಲುಚೀಲ ಹಾಕ್ಕೊಂಡಿದ್ರ ಹಿಂಗ ಆಕ್ಕಿರಲಿಲ್ಲ” ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನಾನು ಸಮಾಧಾನ ಹೇಳುತ್ತಿದ್ದೆ. ಎಂಥ ಸಮಾಧಾನ!

ಕಳೆದ ತಿಂಗಳು ಕೂಡಲಸಂಗಮದಲ್ಲಿ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿ, ಕೈ ನೋಡಿ ಕಣ್ಣೀರು ಹಾಕಿದಳು. ಕಸ್ತೂರಿ ಅವಳ ಬೆನ್ನು ಸವರಿ, “ಅಳಬ್ಯಾಡವಾ. ಇವರು ಇದ್ದದ್ದಕ್ಕ ಇಷ್ಟರ ಉಳಿದೇನಿ” ಎಂದಳು.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದೆ.

ಅವಳು ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಕೇಳಿದಳು: “ಡಾಕ್ಟರು ಕೇಳಿದಾಗ ನೀವು ನನ್ನ ಬಾಜೂಕ ಇದ್ರಿ. ಹೌದಿಲ್ರಿ?”

“ಹೌದು.”

“ಪುಡಿ ಹಾಕಿದ್ದು ತಿಳಿಗೇಡಿತನ ಅಂದ್ಕೋಬಹುದು. ಅವತ್ತರ ಹೇಳಬೇಕಿತ್ತು.”

ಮರುದಿನ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವಳ ಎದುರಿಗೇ ನಾನೇ ಬಾಯಿಬಿಟ್ಟು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದಿಟ್ಟರು. ಇಷ್ಟು ವರ್ಷವಾದ ಮೇಲೆ ಆ ನರ ಮರಳುವ ಆಸೆ ಕಡಿಮೆ ಎಂದರು — ನನಗಲ್ಲ, ಅವಳಿಗೆ.

ಕಸ್ತೂರಿ ಈಗ ಬಾದಾಮಿಯಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾಳಂತೆ, ತಂಗಿ ಹೇಳಿದಳು. ಯಾವಾಗ ಬರುತ್ತಾಳೆ, ಬರುತ್ತಾಳೋ ಇಲ್ಲವೋ — ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಇನ್ನು ಮುಂದೆ ಅವಳ ಬಗ್ಗೆ ಏನನ್ನೇ ಆಗಲಿ, ಅವಳೇ ತೀರ್ಮಾನಿಸಲಿ.