ಒರತೆಯ ದಂಡೆಯ ಗೋಣಿ ಗುಡಾರ

ಏಪ್ರಿಲ್ ತಿಂಗಳಲ್ಲಿ, ಅಳವಂಡಿಯ ಆಚೆ, ಒಣಗಿದ ಹಳ್ಳದ ಮರಳಿನ ಮೇಲೆ ಹಸಿರು ಎಲೆಯ ಅಚ್ಚು ಹಾಕಿದ ಗುಡಾರ ನಿಲ್ಲಿಸಿ, ಅದರೊಳಗೆ ಕುಳಿತು, ಹಕ್ಕಿ ಫೋಟೊ ತೆಗೆಯುವವರು ತಾವು ಯಾರಿಗೂ ಕಾಣುವುದಿಲ್ಲ ಎಂದು ನಂಬುತ್ತಾರಲ್ಲ, ಆ ನಂಬಿಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟು. ಸುತ್ತ ಕಣ್ಣು ಹಾಯಿಸಿದಷ್ಟೂ ಮಣ್ಣಿನ ಬಣ್ಣ. ಅಲ್ಲಿ ರವಿವಾರ ಬೆಳಿಗ್ಗೆ ಮಾತ್ರ ಒಂದು ಹಚ್ಚಹಸಿರು ಪೊದೆ ಹುಟ್ಟಿ, ಮಧ್ಯಾಹ್ನ ಕಾರಿನ ಡಿಕ್ಕಿ ಸೇರಿದರೆ ಹಕ್ಕಿಗೆ ಅನುಮಾನ ಬರುವುದಿಲ್ಲವೇ?

ಇದನ್ನೇ ನಮ್ಮ ಫೋಟೊ ಗುಂಪಿನ ಹಿರಿಯರಿಗೆ ಕೇಳಿದೆ. ಅವರನ್ನು ನಾವೆಲ್ಲ ಸರ್ ಅನ್ನುತ್ತಿದ್ದೆವು.

"ಏ, ಹಕ್ಕಿಗೆ ಬಣ್ಣ ಗೊತ್ತಾಗಂಗಿಲ್ಲ ಬಿಡವಾ," ಅಂದರು.

"ಹಂಗಾದ್ರ ಗಂಡು ನವಿಲು ಅಷ್ಟು ಬಣ್ಣ ಯಾರಿಗೆ ತೋರ್ಸಾಕ ಹಚ್ಕೊಂಡೈತ್ರಿ ಸರ್? ನಿಮ್ಮ ಕ್ಯಾಮೆರಾಕ್ಕೇನ್ರಿ?"

ಎಲ್ಲರೂ ನಕ್ಕರು. ಸರ್ ನಗಲಿಲ್ಲ. "ಚರ್ಚಾ ಸ್ಪರ್ಧಾದಾಗ ಕಪ್ ಹೊಡದಾಕಿ ನೀನು, ಮಾತಿಗೇನು ಬರ. ಮುಂದಿನ ರವಿವಾರದೊಳಗ ಒಂದು ಫೋಟೊ ತಂದು ತೋರ್ಸು ನೋಡೋಣು."

ಮಾತಿನಲ್ಲಿ ಗೆದ್ದಾಗಿತ್ತು. ಅಷ್ಟಕ್ಕೆ ಸುಮ್ಮನಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಗಳ ಹತ್ತಿರ ಹಳೆಯ ಗೋಣಿಚೀಲ ಹೊಲಿಯುವ ಚಾಚಾ ಒಬ್ಬರಿದ್ದರು. ಚೀಲಗಳನ್ನು ಬಿಚ್ಚಿ, ನಾನು ಕುಳಿತರೆ ತಲೆ ಮುಟ್ಟದಷ್ಟು ಎತ್ತರದ ಗುಡಾರ ಹೊಲಿದುಕೊಡಿ ಅಂದೆ.

"ಒಳಗ ಕುಂತು ಏನ್ ಮಾಡ್ತಿ ಬೇಟಿ?"

"ಹಕ್ಕಿ ನೋಡ್ತೀನಿ ಚಾಚಾ."

"ಅರೇ, ಹೊರಗ ಕುಂತ್ರ ಕಾಣಂಗಿಲ್ಲೇನು?"

ಕೇಳಿದ್ದು ಹೀಗಾದರೂ ಚಾಚಾ ಕೆಲಸ ಬಲ್ಲವರು. ಗಾಳಿಗೆ ಬಟ್ಟೆ ಪಟಪಟ ಅಂದರೆ ಯಾವ ಪ್ರಾಣಿಯೂ ಹತ್ತಿರ ಬರುವುದಿಲ್ಲ ಎಂದು ಅಂಚಿಗೆ ಉದ್ದದ ಚೀಲ ಹೊಲಿದು, ಮರಳು ತುಂಬಿಕೋ ಅಂದರು. ಮೇಲೆ ನಾನು ಕೆಮ್ಮಣ್ಣು ಕಲಸಿ ಬಳಿದೆ. ಹತ್ತು ಹೆಜ್ಜೆ ದೂರದಿಂದ ಹುತ್ತ ಅನ್ನಬೇಕು, ಹಾಗಿತ್ತು.

ಆ ಹಳ್ಳದಲ್ಲಿ ಉಳಿದಿದ್ದ ನೀರು ಒಂದೇ ಕಡೆ: ಕುರಿಗಾರರು ಮರಳು ತೋಡಿ ಮಾಡಿಕೊಂಡ ಒರತೆ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮರಳುಗೌಜಲಕ್ಕಿಗಳು ಅಲ್ಲಿಗೆ ಬರುತ್ತವೆ. ಪಾರಿವಾಳದಷ್ಟು ದೊಡ್ಡವು, ನೆಲದ ಬಣ್ಣದವು. ಗಂಡು ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಹಾರಿಹೋಗುತ್ತದೆ. ಬಯಲಿನಲ್ಲಿರುವ ಮರಿಗಳು ಆ ಗರಿ ಚೀಪಿ ನೀರು ಕುಡಿಯುತ್ತವೆ. ನನಗೆ ಬೇಕಿದ್ದದ್ದು ಆ ಗಂಡಿನ ಚಿತ್ರ.

ಒರತೆ ತೋಡಿದ ಕುರಿಗಾರ ಕಾಕಾ ತಮ್ಮ ಕುರಿಗಳನ್ನು ದಂಡೆಯ ಮೇಲೆಯೇ ತಡೆದು ನಿಲ್ಲಿಸುತ್ತಿದ್ದರು. ಹಕ್ಕಿಗಳೆಲ್ಲ ಹೋದ ಮೇಲೇ ಇಳಿಸುವುದು.

"ಯಾಕ್ರಿ ಕಾಕಾ?"

"ಕುರಿ ಇಳದ್ರ ನೀರು ರಾಡಿ ಆಕ್ಕೈತಿ. ಅವು ಗುಟುಕು ಕುಡದು ಹೋಗ್ತಾವ, ನಮ್ಮವು ತಡೀತಾವ. ನಮ್ಮಪ್ಪನೂ ಹಿಂಗ ಮಾಡ್ತಿದ್ದ."

ಅಡಗುದಾಣ ಬಳಸುವ ಕ್ರಮ ನನಗೆ ಗೊತ್ತಿತ್ತು. ಮೊದಲು ದೂರದಲ್ಲಿಟ್ಟು, ಹಕ್ಕಿ ಒಗ್ಗಿಕೊಂಡಂತೆ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತರಬೇಕು. ಹತ್ತು ದಿನವಾದರೂ ಬೇಕು. ಗುಡಾರ ಹೊಲಿಸುವಷ್ಟರಲ್ಲಿ ನನಗೆ ಉಳಿದದ್ದು ಮೂರೇ. ಹೀಗಾಗಿ ನೇರವಾಗಿ ಒರತೆಯ ಪಕ್ಕದಲ್ಲೇ ಗುಡಾರ ಹೂಡಿದೆ. ಅದೂ ಸಾಲದೆಂದು, ನೀವು ಕುರಿಗಳನ್ನು ಬೇಗ ಇಳಿಸಿರಿ, ನಾನು ಅವುಗಳ ನಡುವೆ ಬಗ್ಗಿ ಗುಡಾರದೊಳಗೆ ಸೇರಿಕೊಳ್ಳುತ್ತೇನೆ ಎಂದು ಕಾಕಾಗೆ ಗಂಟುಬಿದ್ದೆ. ಕುರಿಗೆ ಹಕ್ಕಿ ಹೆದರುವುದಿಲ್ಲ, ಎರಡೇ ದಿನದ ಮಾತು, ಇದರಿಂದ ಯಾರಿಗೆ ನಷ್ಟ? ಒಂದಾದ ಮೇಲೊಂದು ವಾದ ಹೂಡಿದೆ. ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಮಾತಿನಾಗ ನಿನ್ನ ಕೂಡ ಆಗಂಗಿಲ್ಲ ತಂಗಿ," ಅಂದರು. ಅದನ್ನು ಒಪ್ಪಿಗೆ ಎಂದುಕೊಂಡೆ.

ಮೊದಲ ದಿನ, ನಾನು ಕುರಿಗಳ ನಡುವೆ ನುಸುಳಿ ಒಳಗೆ ಕುಳಿತ ಮೇಲೆ, ಹಕ್ಕಿಗಳು ಮೇಲೆ ಸುತ್ತು ಹೊಡೆದು, ಕೂಗಿ, ಹೋದವು. ಎರಡನೆಯ ದಿನ ಒಂದು ಗಂಡು ಇಳಿಯಿತು. ಕತ್ತೆತ್ತಿ ನಿಂತಿತು. ಬೆಳಕು ಓರೆಯಾಗಿ ಬೀಳುತ್ತಿತ್ತು. ಫೋಟೊ ಹೊಡೆದೆ. ಹಾರಿತು.

ಹೊರಗೆ ಬಂದು ಕುಣಿಯುವುದೊಂದು ಬಾಕಿ. ಕ್ಯಾಮೆರಾದ ಪರದೆಯನ್ನು ಕಾಕಾ ಮುಂದೆ ಹಿಡಿದೆ. ಅವರು ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಕುಡದಿಲ್ಲಲ್ಲ."

"ಏನ್ರಿ?"

"ಹೊಟ್ಟಿ ನೋಡು. ಒಣಾ ಐತಿ. ನಿನ್ನೆನೂ ಕುಡದಿಲ್ಲ, ಇವತ್ತೂ ಕುಡದಿಲ್ಲ. ಮರಿಗೇನು ನಿನ್ನ ಫೋಟೊ ಚೀಪಸ್ತೈತೇನು?"

ನಾನು ಮಣ್ಣು ಬಳಿದದ್ದೂ, ಮರಳಿನ ಅಂಚು ಹೊಲಿಸಿದ್ದೂ ಎಲ್ಲ ಸರಿಯಾಗಿತ್ತು. ಎಲ್ಲ ಸರಿ ಮಾಡಿಯೇ ನಾನು ಹಕ್ಕಿಯ ನೀರಿಗೂ ಹಕ್ಕಿಗೂ ನಡುವೆ ಕುಳಿತಿದ್ದೆ. ಅವತ್ತೇ ಗುಡಾರ ಕಿತ್ತೆ.

ಮಾರನೆಯ ದಿನ ರವಿವಾರ. ಸರ್ ತಮ್ಮ ಹಸಿರು ಗುಡಾರದೊಂದಿಗೆ ಬಂದರು. ನಾನು ಮೊದಲೇ ಹೋಗಿ ಕಾಯುತ್ತಿದ್ದೆ.

"ಸರ್, ಇಲ್ಲಿ ಹೂಡಬ್ಯಾಡ್ರಿ. ಎರಡು ದಿನದಿಂದ ಹಕ್ಕಿ ನೀರು ಕುಡದಿಲ್ಲ. ಮರಿ ಅದಾವ."

"ಫೋಟೊ ಆತೇನು ನಿಂದು?"

ತೋರಿಸಿದೆ. ಒಣ ಹೊಟ್ಟೆಯನ್ನು ಪರದೆಯ ಮೇಲೆ ಹಿಗ್ಗಿಸಿಯೇ ತೋರಿಸಿದೆ.

"ಫ್ರೇಮ್ ಭಾಳ ಛಲೋ ಐತಲ್ಲ! ಕಣ್ಣು ಎಷ್ಟು ಚುರುಕಾಗಿ ಕಾಣಕತ್ತೈತಿ!"

"ಚುರುಕಲ್ರಿ ಅದು. ಅಂಜಿಕಿ."

"ನಿಂದು ಆತಲ್ಲ, ಈಗ ನಮಗ ನೀತಿಪಾಠ ಏನು?"

ತಪ್ಪು ಎನ್ನುವವಳು ತಾನೂ ಅದೇ ತಪ್ಪು ಮಾಡಿದ್ದಾಳೆಂಬ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಯಾವ ವೇದಿಕೆಯ ಮೇಲಾದರೂ ಅರ್ಧ ನಿಮಿಷದಲ್ಲಿ ಇದನ್ನು ಸಾಧಿಸಿಬಿಡುತ್ತಿದ್ದೆ. ಅಲ್ಲಿಯೂ ಹೇಳಿದೆ, ಕೂಗಿಯೇ ಹೇಳಿದೆ. ಸರ್ ಗೂಟ ಹೊಡೆಯುತ್ತಲೇ ಇದ್ದರು. ಗುಂಪಿನ ಉಳಿದವರು ಲೆನ್ಸ್ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡಿದರು.

ಕಾಕಾ ದಂಡೆಯಿಂದ ಕರೆದರು. "ಬಾರವ್ವಾ, ಸಾಕು ಗಂಟಲ ಹರಕೊಂಡಿದ್ದು."

ಹಳ್ಳ ತಿರುಗುವ ಕಡೆ, ಆ ಗುಡಾರ ಕಾಣದ ಜಾಗಕ್ಕೆ ಕರೆದೊಯ್ದು, ಕಾಕಾ ಕುಕ್ಕರುಗಾಲಿನಲ್ಲಿ ಕುಳಿತು ಮರಳು ತೋಡತೊಡಗಿದರು. ನಾನೂ ಕೈ ಹಚ್ಚಿದೆ. ಮೊಣಕೈ ಮುಳುಗುವಷ್ಟು ಆಳಕ್ಕೆ ಹೋದ ಮೇಲೆ ಹಸಿ ಸಿಕ್ಕಿತು. ಇನ್ನೂ ತೋಡಿದ ಮೇಲೆ ಒಂದು ಬೊಗಸೆ ಕೆಸರು ನೀರು. ಹಕ್ಕಿ ಕಾಲೂರಲೆಂದು ಕಾಕಾ ಒಂದು ಬದಿಯ ಮರಳು ಇಳಿಜಾರು ಮಾಡಿದರು. ಇಬ್ಬರೂ ದೂರ ಹೋಗಿ ಕುಳಿತೆವು. ಹಕ್ಕಿಗಳು ಬಂದವು, ಹಸಿರು ಗುಡಾರದ ಮೇಲೆ ಎರಡು ಸುತ್ತು ಹಾರಿ, ಕೂಗುತ್ತಲೇ ಕುಷ್ಟಗಿಯ ದಿಕ್ಕಿಗೆ ಹೋದವು. ಹೊಸ ಒರತೆ ಅವುಗಳ ಕಣ್ಣಿಗೆ ಬೀಳಲಿಲ್ಲ.

ಬುಧವಾರ ಕಾಕಾ ಫೋನು ಮಾಡಿದರು.

"ಬಂದಾವ. ಹೊಸಾ ನೀರಿಗೆ ಇಳದು ಹೊಟ್ಟಿ ತೋಯಿಸ್ಕೊಂಡು ಹೋದ್ವು."

"ಎಷ್ಟು ಬಂದಿದ್ವು ಕಾಕಾ? ಮೊದಲಿನಷ್ಟೇನ್ರಿ?"

"ಎರಡ."

"ನಾಳೆ ಬರ್ತೀನ್ರಿ. ಕ್ಯಾಮೆರಾ ತರಂಗಿಲ್ಲ, ಬರೇ ನೋಡ್ತೀನಿ."

"ಬರಬ್ಯಾಡ," ಅಂದರು ಕಾಕಾ, ಮೆತ್ತಗೆ. "ಅವಕ್ಕೇನು ಗೊತ್ತು, ನೀ ಏನು ತಂದಿ, ಏನು ಬಿಟ್ಟು ಬಂದಿ ಅಂತ."