ನಾರ್ಮಲ್ ಟ್ಯೂಬು ಮೇಡಂದೇ

ತುಮಕೂರಿನಲ್ಲಿ ಇನ್ನೂ ಸರಿಯಾಗಿ ಬಿಸಿಲು ಏರಿಲ್ಲ. ವಿಶ್ವವಿದ್ಯಾಲಯದ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಮಧುಶ್ರೀ ಮೇಡಂ ಒಬ್ಬರೇ ಬರ್ನರ್ ಹಚ್ಚುತ್ತಿದ್ದಾರೆ. ಗುಬ್ಬಿಯಿಂದ ಮೊದಲ ಬಸ್ಸಿಗೇ ಬಂದವರು, ಅಟೆಂಡರ್ ಕಾಲಿಡುವ ಮೊದಲೇ ಗಾಜಿನ ಸಾಮಾನೆಲ್ಲ ತೊಳೆದಿಟ್ಟಿದ್ದಾರೆ. “ನಾವು ಗೆಸ್ಟ್ ಲೆಕ್ಚರರ್ ಸಾರ್. ಮನೆಯೋರಿಗಿಂತ ಮುಂಚೆ ಏಳೋ ಗೆಸ್ಟು,” ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನ ಕಡೆ ನೋಡಿ ನಗುತ್ತಾರೆ.

ವಾರದಲ್ಲಿ ಮೂರು ದಿನ ಇಲ್ಲಿ ಪಾಠ, ಮಿಕ್ಕ ದಿನ ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ. ಎಂಟು ವರ್ಷದಿಂದ ಇದೇ ಓಡಾಟ. ಗಂಡ ಬಸವಪ್ರಭು ವಸಂತನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು. ದಂಪತಿ ಮುಖ ನೋಡಿ ಮಾತಾಡಬೇಕಾದರೆ ಭಾನುವಾರವೇ ಬರಬೇಕು. ಕೆಲಸವೋ, ವರ್ಷ ವರ್ಷವೂ ಹೊಸದಾಗಿ ಸಿಗಬೇಕು. “ಹೋದ್ ವರ್ಷ ನಮ್ ಜೊತೆಯೋರೊಬ್ರು ಕಾಲ್ ಮುರ್ಕೊಂಡು ಮಲಗಿದ್ರು. ವಾಪಸ್ ಬಂದ್ರೆ ಟೈಂಟೇಬಲ್‌ನಲ್ಲಿ ಬೇರೆಯೋರ ಹೆಸರು. ಯಾರೂ ಬಯ್ಲಿಲ್ಲ, ಹೋಗು ಅಂತ್ಲೂ ಅನ್ಲಿಲ್ಲ.”

ಇವತ್ತಿನ ಪ್ರಾಕ್ಟಿಕಲ್, ಮೂತ್ರದಲ್ಲಿ ಸಕ್ಕರೆ ಪತ್ತೆ. ಸ್ಯಾಂಪಲ್ ಯಾರು ಕೊಡುತ್ತೀರಿ ಎಂದರೆ ಹುಡುಗರು ಕಿಸಕ್ಕೆನ್ನುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ. ಅದಕ್ಕೇ ಈ ಲ್ಯಾಬಿನಲ್ಲಿ ಮೊದಲಿನಿಂದಲೂ ಸ್ಯಾಂಪಲ್ ಮೇಡಂದೇ. ಅದನ್ನು ಎರಡು ಟ್ಯೂಬಿಗೆ ಹಾಕಿ, ಒಂದಕ್ಕೆ ಮಾತ್ರ ಗ್ಲೂಕೋಸ್ ಪುಡಿ ಬೆರೆಸುತ್ತಾರೆ. ಎರಡಕ್ಕೂ ನೀಲಿ ದ್ರಾವಣ ಹಾಕಿ ಕಾಯಿಸಿದರೆ ಪುಡಿ ಬೆರೆಸಿದ್ದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬೆರೆಸದೇ ಇದ್ದದ್ದು ನೀಲಿಯಾಗಿಯೇ ಉಳಿಯುತ್ತದೆ, ಅದು ನಾರ್ಮಲ್.

ಕ್ಲಾಸಿಗೆ ಮುಂಚೆ ಒಮ್ಮೆ ಮಾಡಿ ನೋಡುವುದು ಮೇಡಂ ಪದ್ಧತಿ. ಕುದಿವ ನೀರಿಗೆ ಎರಡೂ ಟ್ಯೂಬು ಇಳಿಸುತ್ತಾರೆ. ಎರಡೂ ಕೆಂಪಾಗುತ್ತವೆ.

“ಥೂ, ಪುಡಿ ಎರಡಕ್ಕೂ ಬಿತ್ತೇನೋ.” ಹೊಸ ಟ್ಯೂಬು ತೊಳೆದು, ಪುಡಿಯ ಡಬ್ಬಿ ದೂರವಿಟ್ಟು ಮತ್ತೆ ಮಾಡುತ್ತಾರೆ. ಮತ್ತೆ ಕೆಂಪೇ. ಇಕ್ಕಳ ಕೆಳಗಿಡುತ್ತಾರೆ. ಸ್ಟೂಲಿನ ಮೇಲೆ ಕೂರುತ್ತಾರೆ.

“ನಮ್ಮಮ್ಮ ಶಿವರುದ್ರಮ್ಮಂಗೂ ಸಕ್ಕರೆ ಕಾಯಿಲೆ ಸಾರ್. ಗೊತ್ತಾಗೋ ಹೊತ್ಗೆ ಕಾಲಿನ ಹೆಬ್ಬೆರಳೇ ತೆಗೀಬೇಕಾಯ್ತು. ಭಯ ಆಗ್ತಿದೆ. ಆಸ್ಪತ್ರೆ ಅಂದ್ರೆ ರಜಾ. ರಜಾ ಅಂದ್ರೆ…” ಮಾತು ಮುಗಿಸದೆ ನಲ್ಲಿಯತ್ತ ನೋಡುತ್ತಾರೆ. “ನಾರ್ಮಲ್ ಟ್ಯೂಬಿಗೆ ಬರೀ ನೀರು ಹಾಕಿದ್ರೂ ನೀಲಿನೇ ಇರುತ್ತೆ. ಮಕ್ಳಿಗೇನ್ ಗೊತ್ತಾಗುತ್ತೆ?”

ಅಷ್ಟರಲ್ಲಿ ಹುಡುಗರು ದಡದಡ ಬಂದೇಬಿಡುತ್ತಾರೆ. ಮೇಡಂ ಎದ್ದು ಸೆರಗು ಸರಿಮಾಡಿಕೊಳ್ಳುತ್ತಾರೆ. ನಲ್ಲಿಯ ಹತ್ತಿರ ಹೋಗುವುದಿಲ್ಲ. ಎಲ್ಲರೆದುರೂ ಮತ್ತದೇ ಸ್ಯಾಂಪಲ್ ಕಾಯಿಸುತ್ತಾರೆ. ಮುಂದಿನ ಸಾಲಿನ ಭೂಮಿಕಾ ಹುಬ್ಬು ಗಂಟಿಕ್ಕುತ್ತಾಳೆ. “ಎರಡೂ ಕೆಂಪಾಯ್ತಲ್ಲ ಮೇಡಂ, ನಾರ್ಮಲ್ ಯಾವ್ದು?”

“ಇವತ್ತು ನಾರ್ಮಲ್ ಇಲ್ಲ ಕಣೇ. ಈ ಟ್ಯೂಬಿಗೆ ನಾನು ಪುಡಿ ಹಾಕಿಲ್ಲ, ಇದು ನಂದೇ. ಕಂಡಿದ್ದನ್ನೇ ಬರ್ಕೊಳ್ಳಿ.”

ಒಬ್ಬರೂ ಕಿಸಕ್ಕೆನ್ನುವುದಿಲ್ಲ. ಭೂಮಿಕಾ ಖಾಲಿ ಬಾಟಲಿಯೊಂದನ್ನು ಎತ್ತಿಕೊಳ್ಳುತ್ತಾಳೆ. “ನಾರ್ಮಲ್‌ಗೆ ನಂದು ತರ್ತೀನಿ ಮೇಡಂ,” ಎಂದು ಯಾರ ಮುಖವನ್ನೂ ನೋಡದೆ ಹೊರಗೆ ಹೋಗುತ್ತಾಳೆ. ಮೇಡಂ ಕಣ್ಣು ತುಂಬಿ ಬರುತ್ತದೆ. ಬೋರ್ಡಿನ ಕಡೆ ತಿರುಗಿ ಬರೆಯತೊಡಗುತ್ತಾರೆ.

ಕ್ಲಾಸ್ ಮುಗಿದ ಮೇಲೆ ವರಾಂಡಾದಲ್ಲಿ ನಿಂತು ವಿಭಾಗದ ಮುಖ್ಯಸ್ಥ ನರಸಿಂಹಯ್ಯನವರಿಗೆ ಫೋನ್ ಮಾಡುತ್ತಾರೆ. “ಸಾರ್, ಶುಗರ್ ಇರೋ ಹಾಗಿದೆ. ನಾಳೆ ಒಂದಿನ ಆಸ್ಪತ್ರೆಗೆ ಹೋಗ್ಬೇಕು. ನಾಳೆ ಕ್ಲಾಸು ನಾಡಿದ್ದು ಎಕ್ಸ್‌ಟ್ರಾ ತಗೋತೀನಿ.” ಆ ಕಡೆಯಿಂದ ಏನೋ ಮಾತು. “ಹೂಂ ಸಾರ್. ಗೊತ್ತು ಸಾರ್.” ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾರೆ. ಆಮೇಲೆ ಬಹಳ ಮೆಲ್ಲಗೆ ಕೇಳುತ್ತಾರೆ:

“ನಾಡಿದ್ದು ನಾನು ಬರ್ಬೋದಲ್ವಾ ಸಾರ್?”