ರೈಟರ ಸುಮ್ಮನೆ ಕೂರುವ ವೀಸಾ

ಮಾದಾಪುರದ ಕಡೆ ರೈಟರು ಎಂದರೆ ಕಥೆ ಬರೆಯುವವರಲ್ಲ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕಿ, ನೀವು ಈ ಕಡೆ ಹೋಗಿ ನೀವು ಆ ಕಡೆ ಹೋಗಿ ಎಂದು ಕೆಲಸ ಹಂಚಿ, ಸಂಜೆಯವರೆಗೂ ಹಿಂದೆ ನಿಂತು ಕೂಗುವವರು. ನಮ್ಮ ರೈಟರ ಹೆಸರು ಕೀರ್ತಿಕುಮಾರ್. ಅವರ ಕೈಕೆಳಗೆ ನಾನು, ಆಳು ದೊಡ್ಡಿ, ಕಾಫಿ ಹಣ್ಣು ಕುಯ್ದಿದ್ದೇನೆ, ಚಿಗುರು ತೆಗೆದಿದ್ದೇನೆ, ಬೈಸಿಕೊಂಡಿದ್ದೇನೆ. ಅವರು ರಿಟೈರ್ ಆದ ಮೇಲೂ ಬೈಸಿಕೊಂಡಿದ್ದೇನೆ. ಅವರು ಕಟ್ಟಿಸಿದ ಮನೆ ಆಳುಗಳು ಸಾಲಾಗಿ ವಾಸವಿರುವ ನಮ್ಮ ಲೈನಿನ ಎದುರಿಗೇ, ನಡುವೆ ಒಂದು ರಸ್ತೆ.

ಅವರು ರಿಟೈರ್ ಆದದ್ದು ಕಾಗದದ ಮೇಲೆ ಮಾತ್ರ. ಹಾರ ಹಾಕಿಸಿಕೊಂಡ ಮರುದಿನ ಬೆಳಿಗ್ಗೆ ಕೊಡೆ ಹಿಡಿದು ಹಾಜರಿ ಕಟ್ಟೆಯ ಹತ್ತಿರ ಬಂದು ನಿಂತರು. ಹೊಸ ರೈಟರು ಮಹೇಶ್ ಇನ್ನೂ ಎಳೆಯ ಮನುಷ್ಯ. "ಸಾರ್, ಈಗ ನಾನು..." ಎಂದು ತಡವರಿಸಿದ.

"ನೀನು ಹಾಜರಿ ಬರಿ ಕಣಪ್ಪ. ನಾನು ಕೂಗ್ತೀನಿ" ಎಂದರು ಇವರು.

ಹಾಗೇ ಬಹಳ ಕಾಲ ನಡೆಯಿತು. ಮಹೇಶನಿಗೂ ಗಂಟಲು ಉಳಿಯಿತು.

ಇವರ ಹೆಂಡತಿ ವಿಶಾಲಾಕ್ಷಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಈಗ ಪೆನ್ಷನ್ ಬರುತ್ತದೆ. ನಮ್ಮ ಲೈನಿಗೆಲ್ಲ ಅವರು ಸಿಸ್ಟ್ರಮ್ಮ. ಅವರಿಗೆ ಸಂಧಿವಾತ. ಮಳೆ ಹಿಡಿದರೆ ಕೈಬೆರಳು ಮಡಚಲು ಬರುವುದಿಲ್ಲ. ಎಷ್ಟೋ ಜನಕ್ಕೆ ಸೂಜಿ ಚುಚ್ಚಿದ ಕೈ, ತನ್ನ ಜಡೆ ತಾನು ಹೆಣೆದುಕೊಳ್ಳಲಾರದು. ನಾನೇ ಹೋಗಿ ಹೆಣೆಯುತ್ತಿದ್ದೆ. "ಎಳೀಬೇಡ ದೊಡ್ಡಿ, ಅದು ತಲೆ, ಕಾಫಿ ಗಿಡ ಅಲ್ಲ" ಎನ್ನುತ್ತಿದ್ದರು.

ಅವರ ಜೊತೆಯಲ್ಲಿ ನರ್ಸಿಂಗ್ ಕಲಿತ ಏಲಿಯಮ್ಮ ಎಂಬವರು ವಯಸ್ಸಾದ ಮೇಲೆ ಗಂಡನೊಂದಿಗೆ ಥಾಯ್ಲೆಂಡಿಗೆ ಹೋಗಿ ಸಮುದ್ರದ ಪಕ್ಕ ಒಂದು ಊರಿನಲ್ಲಿ ಮನೆ ಹಿಡಿದಿದ್ದಾರೆ. ಸಿಸ್ಟ್ರಮ್ಮ ಒಂದು ಮಳೆಗಾಲ ಅವರ ಮನೆಗೆ ಹೋಗಿ ಬಂದರು. ಬಂದವರೇ ನನ್ನನ್ನು ಕರೆದು, "ದೊಡ್ಡಿ, ಅಲ್ಲಿಯ ಸೆಕೆಗೆ ನನ್ನ ಜಡೆ ನಾನೇ ಹೆಣ್ಕೊಂಡೆ ಕಣೇ!" ಎಂದರು. ಕಣ್ಣಲ್ಲಿ ನೀರಿತ್ತು. ಅವತ್ತೇ ತೀರ್ಮಾನವಾಯಿತು, ಅಲ್ಲಿಗೆ ಹೋಗಿ ಇರುವುದೆಂದು. ಶಿರಂಗಾಲಕ್ಕೆ ಕೊಟ್ಟಿರುವ ಮಗಳು ಕಾವ್ಯಶ್ರೀಯೂ "ಹೋಗಮ್ಮ, ನಾನು ರಜೆಗೆ ಬರ್ತೀನಿ" ಎಂದಳು. ರೈಟರು ಬೇಡ ಎನ್ನಲಿಲ್ಲ. ಹೆಂಡತಿ ಬೆರಳು ಮಡಚಿ ತೋರಿಸಿದ್ದನ್ನು ಅವರೂ ನೋಡಿದ್ದರು.

ಐವತ್ತು ದಾಟಿದ, ಕೂತು ಉಣ್ಣುವಷ್ಟು ಇರುವವರಿಗೆ ಆ ದೇಶದಲ್ಲಿ ಒಂದು ವೀಸಾ ಕೊಡುತ್ತಾರಂತೆ. ವರ್ಷ ವರ್ಷ ಬರೆಸಿಕೊಂಡು ಇರಬಹುದು. ಷರತ್ತು ಏನೆಂದರೆ ಅಲ್ಲಿ ಕೆಲಸ ಮಾಡಬಾರದು. ಇದನ್ನೆಲ್ಲ ಓಡಾಡಿ ಮಾಡಿಸಿಕೊಡಲು ಮೈಸೂರಿನಿಂದ ಪ್ರಜ್ಞೇಶ್ ಎಂಬ ಏಜೆಂಟ್ ಬರುತ್ತಿದ್ದ. ಬ್ಯಾಂಕಿನ ಕಾಗದ, ಡಾಕ್ಟರ ಕಾಗದ, ಪೊಲೀಸರ ಕಾಗದ. ಪೊಲೀಸಿನವರು ವಿಚಾರಣೆಗೆ ಬಂದಾಗ ನನ್ನನ್ನೂ ಕೇಳಿದರು, ಈ ಮನುಷ್ಯ ಎಂಥವರು ಎಂದು. "ಬಾಯಿ ಜೋರು, ಕೈ ಶುದ್ಧ" ಎಂದೆ. ಎರಡನೆಯದನ್ನು ಮಾತ್ರ ಬರೆದುಕೊಂಡರು.

ಆಮೇಲೆ ಹಡಗಿಗೆ ಹಾಕುವ ಸಾಮಾನು ನೋಡಲು ಪ್ರಜ್ಞೇಶ್ ಮನೆಗೆ ಬಂದ. ಪಾತ್ರೆ, ಬಟ್ಟೆ, ಗ್ರೈಂಡರ್ ಹೋಗಬಹುದು ಎಂದ. ಬೀಟೆ ಮರದ ಕುರ್ಚಿಗೆ ಹುಳ ಸಾಯುವ ಹೊಗೆ ಕೊಡಿಸಿ ಸರ್ಟಿಫಿಕೇಟ್ ಮಾಡಿಸಬೇಕು ಎಂದ. ಮಣ್ಣು ಅಂಟಿದ್ದು ಯಾವುದೂ ಬೇಡ ಎಂದ. ಹಾಗೆ ನೋಡುತ್ತ ಹಿಂದಿನ ಜಗಲಿಗೆ ಹೋದವನು ನಿಂತುಬಿಟ್ಟ. ಅಲ್ಲಿ ರೈಟರು ತಾವೇ ಬೇರೆ ಒಂದು ರಾಶಿ ಮಾಡಿದ್ದರು. ಔಷಧಿ ಹೊಡೆಯುವ ಪಂಪು, ಗಿಡ ಸವರುವ ಕತ್ತರಿ, ಮರದ ಕೊಂಬೆ ಕಡಿಯುವ ಕತ್ತಿ, ಹಣ್ಣು ಕುಯ್ಯುವ ಬುಟ್ಟಿ.

"ಸಾರ್, ಇದೆಲ್ಲ ಯಾಕೆ?"

"ಏಲಿಯಮ್ಮನ ಮನೆ ಸುತ್ತ ತೆಂಗಿನ ಮರ ಇದೆ. ಆ ಜನಕ್ಕೆ ಗೊಬ್ಬರ ಹಾಕೋ ಕ್ರಮವೇ ಗೊತ್ತಿಲ್ಲ. ಫೋಟೋದಲ್ಲೇ ಕಾಣುತ್ತೆ, ಗರಿ ಹಳದಿಯಾಗಿದೆ."

"ಸಾರ್, ಇದು ಸುಮ್ಮನೆ ಕೂರೋ ವೀಸಾ. ಕೆಲಸ ಅನ್ನೋ ಮಾತೇ ನಿಮ್ಮ ಬಾಯಲ್ಲಿ ಬರಬಾರದು."

"ಹಾಗಾದ್ರೆ ಅದಕ್ಕೆ ವೀಸಾ ಅನ್ನಲ್ಲ ಕಣಯ್ಯ, ಜೈಲು ಅಂತಾರೆ."

ಪ್ರಜ್ಞೇಶ್ ಸಿಸ್ಟ್ರಮ್ಮನ ಮುಖ ನೋಡಿದ. ಸಿಸ್ಟ್ರಮ್ಮ ರಾಶಿಯ ಮುಖ ನೋಡಿದರು.

ಇನ್ನು ಮುಂದಿನದನ್ನು ನಾನು ಕಂಡಿಲ್ಲ, ಸಿಸ್ಟ್ರಮ್ಮ ಹೇಳಿದ್ದು. ಮದ್ರಾಸಿನ ವೀಸಾ ಕಚೇರಿಗೆ ಇಬ್ಬರೂ ಹೋದರು. ಅಲ್ಲಿದ್ದ ಅಧಿಕಾರಿ ಮರ್ಯಾದಸ್ಥರು. ಕಾಗದವೆಲ್ಲ ತಿರುವಿ ನೋಡಿ, ಸರಿಯಾಗಿದೆ ಎಂದು, ಸುಮ್ಮನೆ ಮಾತಿಗೆಂದು ರೈಟರನ್ನು ಕೇಳಿದರು, "ಅಲ್ಲಿ ಹೋಗಿ ಏನು ಮಾಡ್ತೀರಿ?"

ರೈಟರು ಎದ್ದು ನಿಂತರು. "ಕೆಲಸ ಮಾಡ್ತೀನಿ ಸಾರ್! ನಲವತ್ತು ವರ್ಷ ಕೆಲಸ ಮಾಡಿದ ಜೀವ. ಕೂತು ತಿನ್ನೋ ಮನುಷ್ಯ ಅಲ್ಲ ನಾನು!"

ಅಧಿಕಾರಿ ಪೆನ್ನು ಕೆಳಗಿಟ್ಟರು. ಕಾಗದಗಳನ್ನು ಮತ್ತೆ ಚೀಲಕ್ಕೆ ಹಾಕಿ, ಚೆನ್ನಾಗಿ ಯೋಚನೆ ಮಾಡಿ ಇನ್ನೊಂದು ಸಲ ಬನ್ನಿ ಎಂದು ಕೈಗೆ ಕೊಟ್ಟರು.

ಊರಿಗೆ ಬಂದ ಮೇಲೆ ಸಿಸ್ಟ್ರಮ್ಮ ಬೈಯಲಿಲ್ಲ. ನರ್ಸಾಗಿದ್ದವರು, ಕಾಯಿಲೆ ಗೊತ್ತಾದ ಮೇಲೆ ಔಷಧಿ ಕೊಡಬೇಕು ಎನ್ನುವವರು. ಮರುದಿನದಿಂದ ರೈಟರಿಗೆ ಕೂರುವ ಅಭ್ಯಾಸ ಶುರುವಾಯಿತು. ತಿಂಡಿ ತಿಂದ ಮೇಲೆ ಮುಂದಿನ ಜಗಲಿಯಲ್ಲಿ ಬೀಟೆ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಕಾಫಿ ಅಲ್ಲಿಗೇ ಬರುತ್ತಿತ್ತು. ಎದ್ದರೆ ಹೇಳಲು ನಾನು ಕಾವಲು.

ಮೊದಲ ದಿನ ಕಾಲು ಕುಣಿಸಿದರು. ಎರಡನೇ ದಿನ ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆದರು. ಆಮೇಲೆ ಒಂದು ದಿನ ನಮ್ಮ ಹೆಂಗಸರು ಕಾಫಿ ಕುಯ್ಲು ಮುಗಿಸಿ ರಸ್ತೆಯಲ್ಲಿ ಹೋಗುತ್ತಿದ್ದಾಗ ಒಬ್ಬಳ ಚೀಲದಿಂದ ಹಣ್ಣು ಉದುರುತ್ತಿತ್ತು. ರೈಟರು ಕೂತಲ್ಲಿಂದಲೇ, "ಏಯ್! ಚೀಲ ತೂತಾಗಿದೆ, ಕಣ್ಣು ಎಲ್ಲಿಟ್ಟಿದೀಯಾ!" ಎಂದು ಕೂಗಿದರು. ಮರದ ಮೇಲಿನ ಹಕ್ಕಿ ಹಾರಿತು.

ಒಳಗಿನಿಂದ ಸಿಸ್ಟ್ರಮ್ಮ ಬಂದರು. "ಇದೇನು?"

"ನಾನು ಎದ್ದಿಲ್ಲ! ಕೇಳು ದೊಡ್ಡಿನ."

"ಎದ್ದಿಲ್ಲ" ಎಂದೆ. ಇದ್ದದ್ದು ಹೇಳಬೇಕಲ್ಲ.

"ಕೂಗಿದಿರಲ್ಲ. ನಿಮಗೆ ಸಂಬಳ ಕೊಡ್ತಿದ್ದದ್ದು ಯಾಕೆ? ಕೂಗೋಕೆ. ಅದೂ ಕೆಲಸವೇ. ಬಾಯಿ ಮುಚ್ಚಿ."

ಹೀಗೆ ಬಾಯಿ ಮುಚ್ಚಿ ಕೂರುವುದು ಸ್ವಲ್ಪ ರೂಢಿಯಾದ ಮೇಲೆ ಮತ್ತೆ ಮದ್ರಾಸಿಗೆ ಹೋದರು. ಅದೇ ಅಧಿಕಾರಿ, ಅದೇ ಪ್ರಶ್ನೆ. ರೈಟರು ತುಟಿ ಬಿಗಿದರು. ಕಿವಿ ಕೆಂಪಾಯಿತು. ಇನ್ನೇನು ಬಾಯಿ ತೆರೆಯಬೇಕು, ಸಿಸ್ಟ್ರಮ್ಮ ನಡುವೆ ಬಿದ್ದರು.

"ಸಾರ್, ಇವರು ಯಾವತ್ತೂ ಕೆಲಸ ಮಾಡಿದವರಲ್ಲ. ಮಾಡಿಸಿದವರು. ಒಂದು ಹಣ್ಣು ಕುಯ್ದಿಲ್ಲ, ಒಂದು ಗುಂಡಿ ತೋಡಿಲ್ಲ. ನಲವತ್ತು ವರ್ಷ ಕೊಡೆ ಹಿಡ್ಕೊಂಡು ನಿಂತಿದ್ದರು. ಅಲ್ಲೂ ನಿಲ್ತಾರೆ, ಅಷ್ಟೆ."

ಅಧಿಕಾರಿ ನಕ್ಕುಬಿಟ್ಟರು. ರೈಟರ ಕಡೆ ತಿರುಗಿ, "ಇವರು ಹೇಳೋದು ನಿಜವೇ?" ಎಂದರು.

ಆಗ ಸಿಸ್ಟ್ರಮ್ಮ ಇನ್ನೊಂದು ಕಾಗದ ತೋರಿಸಲೆಂದು ಫೈಲಿನ ದಾರದ ಗಂಟು ಬಿಚ್ಚುತ್ತಿದ್ದರಂತೆ. ಮದ್ರಾಸಿನ ಸೆಕೆ. ಬೆರಳು ಸಲೀಸಾಗಿ ಆಡುತ್ತಿತ್ತು. ರೈಟರು ಆ ಬೆರಳುಗಳನ್ನೇ ನೋಡುತ್ತ, "ನಿಜ ಸಾರ್" ಎಂದರು.

ವೀಸಾ ಆಯಿತು. ಆದರೆ ಬರುವ ದಾರಿಯುದ್ದಕ್ಕೂ ಅವರು ಹೆಂಡತಿ ಜೊತೆ ಮಾತಾಡಲಿಲ್ಲ. ಬಂದವರು ನೇರ ನಮ್ಮ ಲೈನಿಗೆ ಬಂದು ನನ್ನ ಬಾಗಿಲ ಮುಂದೆ ನಿಂತರು. ಯಾವತ್ತೂ ಹಾಗೆ ಬಂದವರಲ್ಲ.

"ದೊಡ್ಡಿ, ಒಂದು ಮಾತು. ಜಗಲಿಯಲ್ಲಿ ಕೂತಾಗ ಕೂಗೋದೂ ಕೆಲಸ ಅಂದಳು. ಮದ್ರಾಸಿನಲ್ಲಿ ಅದು ಕೆಲಸವೇ ಅಲ್ಲ ಅಂದಳು. ಯಾವುದು ನಿಜ? ನಾನು ಕೆಲಸ ಮಾಡಿದೀನೋ ಇಲ್ವೋ?"

ನಾನು ಯೋಚನೆ ಮಾಡಿದೆ. "ರೈಟ್ರೇ, ನೀವು ಹಣ್ಣು ಕುಯ್ದದ್ದು ನಾನು ನೋಡಿಲ್ಲ. ಗುಂಡಿ ತೋಡಿದ್ದೂ ನೋಡಿಲ್ಲ. ನೋಡದ್ದನ್ನ ಹೇಳೋಕಾಗಲ್ಲ."

"ಹಾಗಾದ್ರೆ?"

"ನೀವು ಕೂಗದ ದಿನ ನಾವೂ ಕುಯ್ದಿಲ್ಲ. ಅದು ನೋಡಿದೀನಿ."

"ಇದು ಹೊಗಳಿದ್ದಾ, ಬೈದದ್ದಾ?"

"ನಿಮಗೆ ಹೇಗೆ ಬೇಕೋ ಹಾಗೆ."

ಅವರಿಗೆ ಸಮಾಧಾನವಾಗಲಿಲ್ಲ ಎಂದು ಗೊತ್ತಾದದ್ದು ಲಾರಿ ಬಂದ ದಿನ. ಸಾಮಾನನ್ನು ಬಂದರಿಗೆ ಸಾಗಿಸಲು ಮೈಸೂರಿನ ಪ್ಯಾಕಿಂಗಿನವರು ಬಂದಿದ್ದರು. ಗಟ್ಟಿಮುಟ್ಟು ಹುಡುಗರು. ಹಿಂದಿನ ಜಗಲಿಯ ರಾಶಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕಟ್ಟಿದರು. ರೈಟರು ಪಂಪನ್ನು ಮಹೇಶನಿಗೆ ಕೊಟ್ಟರು, ಕೊಡುವಾಗ ಅದನ್ನು ತೊಳೆಯುವುದು ಹೇಗೆಂದು ಎರಡು ಸಲ ಹೇಳಿದರು. ಕೊನೆಗೆ ಉಳಿದದ್ದು ಗ್ರೈಂಡರಿನ ಪೆಟ್ಟಿಗೆ. ಇಬ್ಬರು ಹುಡುಗರು ಬಗ್ಗಿದರು.

"ಸರೀರಿ ಆ ಕಡೆ!" ಎಂದರು ರೈಟರು. "ಇದೊಂದು ನಾನೇ ಎತ್ತುತ್ತೀನಿ. ಎಲ್ಲರೂ ನೋಡಲಿ."

"ರೀ!" ಎಂದರು ಸಿಸ್ಟ್ರಮ್ಮ.

ಎತ್ತಿದರು. ಸುಳ್ಳು ಹೇಳುವುದಿಲ್ಲ, ಪೆಟ್ಟಿಗೆ ನೆಲ ಬಿಟ್ಟಿತು. ಒಂದು ಹೆಜ್ಜೆಯನ್ನೂ ಇಟ್ಟರು. ಆಮೇಲೆ ಸೊಂಟದಲ್ಲಿ ಕಟಕ್ ಎಂದಿತು. ಪೆಟ್ಟಿಗೆಯನ್ನು ಹುಡುಗರು ಹಿಡಿದುಕೊಂಡರು. ರೈಟರನ್ನು ನಾವು ಹಿಡಿದುಕೊಂಡೆವು. ಬಗ್ಗಿದವರು ಬಗ್ಗಿದ ಹಾಗೇ ಇದ್ದರು.

"ನೋಡಿದ್ಯಾ ದೊಡ್ಡಿ?" ಎಂದರು ಆ ಭಂಗಿಯಲ್ಲೇ.

"ನೋಡಿದೆ ರೈಟ್ರೇ. ಇನ್ನು ಯಾರು ಕೇಳಿದರೂ ಹೇಳ್ತೀನಿ."

ಸಿಸ್ಟ್ರಮ್ಮ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಬೈದರು, ಬೈಯುತ್ತ ನಕ್ಕರು. ಅವತ್ತು ಗಂಡ ಹೆಂಡತಿಗೆ ಮಾತು ಮತ್ತೆ ಶುರುವಾಯಿತು. ವಿಮಾನದ ದಿನಕ್ಕೂ ಸೊಂಟ ನೆಟ್ಟಗಾಗಿರಲಿಲ್ಲ. ಇಲ್ಲಿ ಹತ್ತುವಾಗಲೂ ಅಲ್ಲಿ ಇಳಿಯುವಾಗಲೂ ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದರಂತೆ.

ತಲುಪಿದ ಮೇಲೆ ರೈಟರ ಫೋನ್ ಬಂತು. ಸಾಮಾನು ಇನ್ನೂ ಹಡಗಿನಲ್ಲೇ ಇದೆ ಎಂದರು. ಸೆಕೆ ಎಂದರು. ಆಮೇಲೆ ದನಿ ಎತ್ತರಿಸಿ ದೂರು ಹೇಳಿದರು. "ದೊಡ್ಡಿ, ಅಷ್ಟು ದಿನ ಜಗಲಿಯಲ್ಲಿ ಕೂರಿಸಿದಳಲ್ಲ ಇವಳು ನನ್ನ, ಇಲ್ಲಿ ಇಳಿದ ಮೇಲೆ ಆ ಮೊಹರು ಒತ್ತೋನು ಒಂದೇ ಒಂದು ಮಾತು ಕೇಳಲಿಲ್ಲ ಕಣೇ! ಗಾಲಿಕುರ್ಚಿ ನೋಡಿದ, ನನ್ನ ನೋಡಿದ, ಠಪ್ ಅಂತ ಒತ್ತಿದ. ಕೆಲಸ ಮಾಡ್ತೀಯೇನಪ್ಪಾ ಅಂತ ಬಾಯಿಮಾತಿಗಾದ್ರೂ ಕೇಳಬೇಡ್ವಾ?"

"ಕೇಳಿದ್ದರೆ ಏನು ಹೇಳ್ತಿದ್ರಿ?" ಎಂದೆ.

ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸಿಸ್ಟ್ರಮ್ಮನ ದನಿ ಕೇಳಿಸಿತು, "ಏನೂ ಹೇಳ್ತಿರಲಿಲ್ಲ!"

"ನೋಡು" ಎಂದರು ರೈಟರು, "ಉತ್ತರ ಹೇಳೋ ಕೆಲಸಾನೂ ಇವಳೇ ಮಾಡ್ತಾಳೆ."